ಕೊಳ್ಳಿ ಎಂಬ ಹೆಸರಿನ ನಾಯಿಗೆ

ಈ ಸೋಮವಾರದವರೆಗೂ
ನನ್ನ ಒಂದೇ ಸಿಳ್ಳಿಗೆ ಗುಡ್ಡದ ಆಚೆ ಮೈಯಿಂದ
ಮುನ್ನೂರು ಕುರಿ ತಂದು ದೊಡ್ಡಿಗೆ ಸುರಿಯುತ್ತಿದ್ದೆ
ಗೋಣಿಯಿಂದ ಗೋಧಿ ಸುರಿದ ಹಾಗೆ.
ಮಂಗಳವಾರ ನಿನಗೆ ನನ್ನ ಗುರುತಿಲ್ಲ,
ನಿನ್ನ ಹೆಸರೂ ನಿನ್ನದಲ್ಲ.

ತಿಸೋನ್, ಎಂದೆ.
ಗಾಳಿಗೆ ಮೂಗೆತ್ತಿ ನಿಂತೆ,
ಸಾಲ ಕೊಟ್ಟವನನ್ನು ಸಂತೆಯಲ್ಲಿ
ಕಂಡೂ ಕಾಣದವನ ಹಾಗೆ.
ನಮ್ಮ ಮಾತಿನಲ್ಲಿ ತಿಸೋನ್ ಎಂದರೆ ಕೊಳ್ಳಿ.
ಮೈ ಕಪ್ಪು, ಹುಬ್ಬಿನ ಮೇಲೆರಡು ಕೆಂಡ,
ಅದಕ್ಕೇ ಇಟ್ಟೆ. ಉರಿಯಲಿ ಎಂದಲ್ಲ.

ಬುಧವಾರ
ಬೇಲಿಗೂಟದ ಮೇಲಿನ ನನ್ನ ಹಳೇ ಟೊಪ್ಪಿಗೆಗೆ ಹೆದರಿದೆ.
ನೀನು ಹುಟ್ಟುವ ಮೊದಲೇ ಅಲ್ಲಿತ್ತಲ್ಲೋ ಅದು!
ಅದರ ಬುಡದಲ್ಲೇ ಕಾಲೆತ್ತಲು ಕಲಿತವನು ನೀನು.
ಈಗ ಬೆನ್ನ ಕೂದಲು ನಿಗುರಿಸಿ, ಹೊಟ್ಟೆಯನ್ನು ನೆಲಕ್ಕೊತ್ತಿ
ಬೈದೇ ಬೈದೆ.
ಇದು ಬರೀ ಟೊಪ್ಪಿ ಎಂದು ತೆಗೆದು ತಲೆಗಿಟ್ಟು ತೋರಿಸಿದೆ.
ಆಗ ನನ್ನನ್ನೂ ಬೈದೆ.

ಗುರುವಾರದ ಮಾತು ಬೇಡ.
ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ:
ಹಿಂದುಳಿದ ಮುದಿಕುರಿಯ ತೊಡೆಯಲ್ಲಿ ನಾಲ್ಕು ತೂತು,
ನಿನ್ನ ಹೊಸ ಕೋರೆಹಲ್ಲಿನಷ್ಟೇ ಅಗಲ.

ಈ ಎಸ್ಟೇಟಿನ ಕಾನೂನನ್ನು ಯಾರೂ ಗೋಡೆಗೆ ಬರೆದಿಲ್ಲ:
ರಕ್ತದ ರುಚಿ ಕಂಡ ನಾಯಿಗೆ ಒಂದು ಕ್ಷಮೆಯೂ ದುಬಾರಿ,
ಗುಂಡು ಅಗ್ಗ.
ಶನಿವಾರ ಉಣ್ಣೆ ಕತ್ತರಿಸುವವರ ಲಾರಿ ಬರುತ್ತದೆ,
ಮುಂದಿನ ಸೀಟಿನಲ್ಲಿ ಗುಮರ್ಸಿಂದೋ,
ಅವನ ತೊಡೆಯ ಮೇಲೆ ಎಣಿಕೆಯ ಪುಸ್ತಕ.
ಗಾಯಕ್ಕೆ ಡಾಂಬರು ಬಳಿದಿದ್ದೇನೆ.
ಮುಳ್ಳುತಂತಿ ತಾಗಿತು ಎನ್ನುತ್ತೇನೆ.
ಅರವತ್ತೊಂದು ವರ್ಷದಲ್ಲಿ ಸುಳ್ಳಾಡದವನೇನಲ್ಲ ನಾನು.
ನಾಯಿಗಾಗಿ, ಇದೇ ಮೊದಲು.

ನಿನ್ನೆ ರಾತ್ರಿ ರೇಡಿಯೋದಲ್ಲಿ ಎಡೆಲ್ಮಿರಾ,
ಹತ್ತು ಹರದಾರಿ ಆಚೆಯ ಗುಡಿಸಲಿನಿಂದ:
"ಪ್ರಾಯ ಕಣೋ ಬೆಲಿಸಾರಿಯೊ.
ಹಲ್ಲು ಬಂತು, ಎಲುಬು ಬಂತು,
ಬುದ್ಧಿ ಇನ್ನೂ ಹಿಂದಿನ ಹೊಳೆ ದಾಟುತ್ತಿದೆ.
ಎರಡು ಹುಣ್ಣಿಮೆ ಕಾಯಿ.
ಹೊಡೆಯಬೇಡ. ಹೊಡೆದರೆ
ಕೈ ನೆನಪಿರುತ್ತದೆ, ತಪ್ಪು ನೆನಪಿರುವುದಿಲ್ಲ."
ಸ್ವಲ್ಪ ಹೊತ್ತು ಬರೀ ಗರಗರ.
ಮತ್ತೆ ಅವಳೇ:
"ಅದಿರಲಿ, ನೀನೇಕೆ ಮಾತಿನ ನಡುವೆ ಗಾಳಿ ಬಿಡುತ್ತೀ?"

ಹಲ್ಲು ಹೋಯಿತು, ಎಂದೆ.
ಮುಂದಿನದು. ಸೋಮವಾರ ರಾತ್ರಿ,
ಒಣರೊಟ್ಟಿ ಕಚ್ಚುವಾಗ.

ಹೇಳಿದ ಮೇಲೆ ನನಗೇ ಕೇಳಿಸಿತು.

ಬಾಗಿಲಿಗೆ ಬಂದು ಸಿಳ್ಳು ಹಾಕಿದೆ, ನಿನಗಲ್ಲ, ನನ್ನ ಕಿವಿಗೆ.
ಬಂದದ್ದು ಸಿಳ್ಳಲ್ಲ,
ಚಹಾ ಕೆಟಲಿನ ಮೂತಿಯ ಹಬೆ.
ಮಂಗಳವಾರದಿಂದ ಯಾವ ಅಪರಿಚಿತ ಮುದುಕ
ನಿನ್ನನ್ನು ಕರೆಯುತ್ತಿದ್ದನೋ, ಪಾಪ.

ಹಾಗೆಂದು ಟೊಪ್ಪಿಗೆಯ ಜಗಳಕ್ಕೆ ನನ್ನ ಹಲ್ಲು ಹೊಣೆಯಲ್ಲ.
ಕುರಿಯ ತೊಡೆಗಂತೂ ಅಲ್ಲವೇ ಅಲ್ಲ.
ಆ ನಾಲ್ಕು ತೂತು ನಿನ್ನವೇ, ಮಗನೇ.
ಅದಕ್ಕೇ ಇವತ್ತಿನಿಂದ ನಿನ್ನ ಕೊರಳಿಗೆ ಹತ್ತು ಮಾರು ಹಗ್ಗ.
ಮೂತಿ ಊದಿಸಿಕೊಂಡು ಅದನ್ನೆಳೆಯುತ್ತ ತಿರುಗಿದೆ,
ಹುಲ್ಲಿನಲ್ಲಿ ಹಾವಿನಂಥ ಗೆರೆ ಬಿತ್ತು.

ಈಗ ರಾತ್ರಿ ಹತ್ತು ಗಂಟೆ. ಇಲ್ಲಿಯ ಡಿಸೆಂಬರಿಗೆ
ಕತ್ತಲಾಗುವ ಮನಸ್ಸಿಲ್ಲ.
ಜಲಸಂಧಿಯ ಕಡೆಯಿಂದ ಗಾಳಿ ಬೇಲಿಯನ್ನು ಬಾಗಿಸುತ್ತಿದೆ.
ತುಟಿಯನ್ನು ಎಡಕ್ಕೆಳೆದು, ಬೆರಳು ಮಡಚಿ,
ಹೊಸ ಸಿಳ್ಳೊಂದು ಹುಡುಕುತ್ತ ಕೂತಿದ್ದೇನೆ.
ನಾಲ್ಕನೆಯದಕ್ಕೋ ಐದನೆಯದಕ್ಕೋ
ನಿನ್ನ ಒಂದು ಕಿವಿ ಎದ್ದಿತು, ಇನ್ನೊಂದು ಎದ್ದಿಲ್ಲ.
ಬಂದೆ,
ಟೊಪ್ಪಿಗೆಯ ಗೂಟದವರೆಗೆ.
ಅಲ್ಲಿ ನಿಂತು ಮೇಲೆ ನೋಡಿದೆ, ಗುರ್ರೆಂದೆ,
ಗುರ್ರೆನ್ನುತ್ತಲೇ ಕಾಲೆತ್ತಿದೆ.
ಆಮೇಲೆ ಕೂತುಬಿಟ್ಟೆ, ಅರ್ಧ ದಾರಿಯಲ್ಲಿ.

ಕೂತಿರು.
ನನ್ನ ಅಂಗೈಯಲ್ಲಿ ಕುರಿಕೊಬ್ಬಿನ ತುಂಡು ಕರಗುತ್ತಿದೆ.
ನನಗೇನೂ ಅವಸರವಿಲ್ಲ.

ಇದೂ ಸುಳ್ಳೇ.
ನಾಳೆ ಶನಿವಾರ.